ಉಸಿರಿನ ಗೆರೆ

ಬೆಳಿಗ್ಗೆ ಆಪರೇಷನ್ ಥಿಯೇಟರಿಗೆ, ಅಂದರೆ ಓಟಿಗೆ, ಹೋದ ಕೂಡಲೇ ಅನಸ್ತೇಷಿಯಾ ಯಂತ್ರದ ಪಕ್ಕದಲ್ಲಿ ಸುರುಳಿ ಸುತ್ತಿ ತೂಗುಹಾಕಿರುವ ಒಂದು ಸಪೂರ ಪ್ಲಾಸ್ಟಿಕ್ ಪೈಪನ್ನು ಕೈಗೆತ್ತಿಕೊಳ್ಳುತ್ತೇನೆ. ಅದರ ತುದಿಯನ್ನು ಬಾಯಿಗೆ ತಾಗದಂತೆ ಹಿಡಿದು ಎರಡು ಮೂರು ಸಲ ನಿಧಾನವಾಗಿ ಉಸಿರು ಬಿಡುತ್ತೇನೆ. ಒಂದೆರಡು ಸೆಕೆಂಡಿನಲ್ಲಿ ಮಾನಿಟರಿನ ಮೇಲೆ ಗೆರೆಯೊಂದು ನೆಟ್ಟಗೆ ಮೇಲೇರಿ, ಮಟ್ಟಸವಾಗಿ ಸ್ವಲ್ಪ ದೂರ ಸಾಗಿ, ಮತ್ತೆ ನೆಟ್ಟಗೆ ಕೆಳಗಿಳಿಯುತ್ತದೆ. ಪಕ್ಕದಲ್ಲಿ 36 ಅಥವಾ 38 ಎಂಬ ಅಂಕಿ ಮೂಡುತ್ತದೆ. ಅಷ್ಟು ಕಂಡ ಮೇಲೆ ಮೊದಲ ರೋಗಿಯನ್ನು ಒಳಗೆ ಕರೆತರಲು ಹೇಳುತ್ತೇನೆ. ಗೆರೆ ಏಳದಿದ್ದರೆ ಹೇಳುವುದಿಲ್ಲ, ಸರ್ಜನ್ ಎಷ್ಟೇ ಅವಸರ ಮಾಡಲಿ.

ನಾನು ಅರಿವಳಿಕೆ ವೈದ್ಯೆ. ಹಳ್ಳಿಯ ಕಡೆಯವರು ನಮ್ಮನ್ನು ‘ಮತ್ತು ಕೊಡೋ ಡಾಕ್ಟ್ರು’ ಅನ್ನುತ್ತಾರೆ. ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಹೋಗಿ ಮಾತಾಡಿಸಿದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಮತ್ತೆ ಎಚ್ಚರ ಆಗುತ್ತಲ್ಲಾ ಡಾಕ್ಟ್ರಮ್ಮ?’ ನಿದ್ರೆಯ ಮದ್ದಿನ ಬಗ್ಗೆ ಜನಕ್ಕೆ ಭಯ. ಆದರೆ ಇವತ್ತಿನ ಮದ್ದುಗಳು ಒಳ್ಳೆಯವು. ಕೊಟ್ಟದ್ದು ನಿಲ್ಲಿಸಿದರೆ ಎಚ್ಚರವಾಗುತ್ತದೆ. ನಮ್ಮ ಭಯ ಬೇರೆ ಕಡೆ ಇದೆ. ಸ್ನಾಯುಗಳನ್ನು ಸಡಿಲಿಸುವ ಇಂಜೆಕ್ಷನ್ ಕೊಟ್ಟ ಮೇಲೆ ರೋಗಿ ತಾನಾಗಿ ಉಸಿರಾಡುವುದಿಲ್ಲ. ಅಲ್ಲಿಂದಾಚೆಗೆ ಅವರ ಉಸಿರು ನಮ್ಮ ಕೈಯಲ್ಲಿ. ಗಂಟಲೊಳಗೆ ನಾವು ಇಳಿಸಿದ ಟ್ಯೂಬ್ ಶ್ವಾಸನಾಳದಲ್ಲಿ ಇದೆಯೋ, ಅದರ ಹಿಂದೆಯೇ ಇರುವ ಅನ್ನನಾಳದಲ್ಲಿ ಇದೆಯೋ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಆ ಪ್ರಶ್ನೆಗೆ ಉತ್ತರ ಹೇಳುವ ಉಪಕರಣ ಕ್ಯಾಪ್ನೋಗ್ರಾಫ್. ಓಟಿಯೊಳಗೆ ಆ ಹೆಸರು ಬಳಕೆಯಲ್ಲಿಲ್ಲ, ‘ಇಟಿಸಿಓಟು ಹಾಕಿದ್ದೀರಾ?’ ಎಂದೇ ಕೇಳುವುದು. ಉಸಿರು ಬಿಡುವಾಗ ಕಟ್ಟಕಡೆಗೆ ಹೊರಬರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂಬುದು ಅದರ ಲೆಕ್ಕ. ಮೊದಲು ಹೊರಬರುವುದು ಗಂಟಲು ಮತ್ತು ಶ್ವಾಸನಾಳದಲ್ಲಿ ಸುಮ್ಮನೆ ನಿಂತಿದ್ದ ಗಾಳಿ. ರಕ್ತದ ಜೊತೆ ಅದರ ವ್ಯವಹಾರವೇ ಆಗಿರುವುದಿಲ್ಲ. ಕಡೆಗೆ ಬರುವುದು ಶ್ವಾಸಕೋಶದ ಆಳದ ಗಾಳಿಗೂಡುಗಳಿಂದ, ಅಂದರೆ ರಕ್ತ ತನ್ನ ಕಶ್ಮಲವನ್ನು ಒಪ್ಪಿಸಿದ ಜಾಗದಿಂದ. ನಾವು ಒಳಗೆಳೆಯುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು. ಹೊರಬಿಡುವ ಗಾಳಿಯ ಕೊನೆಯಲ್ಲಿ ಅದು ಶೇಕಡಾ 5ರ ಆಸುಪಾಸು. ಬಿಪಿ ಅಳೆಯುವ ಪಾದರಸದ ಮಿಲಿಮೀಟರಿನಲ್ಲೇ ಹೇಳುವುದಾದರೆ 35ರಿಂದ 45. ಜೀವಕೋಶ ಆಮ್ಲಜನಕ ಉರಿಸಬೇಕು, ಹೃದಯ ರಕ್ತವನ್ನು ಶ್ವಾಸಕೋಶಕ್ಕೆ ತಲುಪಿಸಬೇಕು, ಶ್ವಾಸಕೋಶ ಅದನ್ನು ಹೊರಹಾಕಬೇಕು. ಈ ಮೂರೂ ನಡೆದರೆ ಮಾತ್ರ ಪರದೆಯ ಮೇಲೆ ಆ ಅಂಕಿ ಬರುತ್ತದೆ.

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮನೆಮನೆಗೂ ಬಂತು. ‘ಸ್ಯಾಚುರೇಷನ್ ಎಷ್ಟಿದೆ?’ ಎಂಬುದು ಬಸ್ಸಿನಲ್ಲೂ ಕೇಳಿಬರುವ ಮಾತಾಯಿತು. 1974ರಲ್ಲಿ ಜಪಾನಿನ ಟಕುವೊ ಅವೊಯಾಗಿ ಅದರ ತತ್ವವನ್ನು ಮುಂದಿಟ್ಟರು. ಅವರಿಗೆ ನಮ್ಮ ವೃತ್ತಿಯವರೆಲ್ಲ ಋಣಿಗಳು. ಆದರೆ ಒಂದು ವಿಷಯ ಜನಕ್ಕೆ ತಿಳಿದಿಲ್ಲ. ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಮಾತ್ರ. ಉಸಿರಾಟ ನಡೆಯುತ್ತಿದೆಯೇ ಎಂದು ಅದು ಹೇಳುವುದಿಲ್ಲ. ನಿದ್ರೆ ಬರಿಸುವ ಮೊದಲು ನಾವು ರೋಗಿಗೆ ಮಾಸ್ಕ್ ಹಿಡಿದು ಕೆಲವು ನಿಮಿಷ ಶುದ್ಧ ಆಮ್ಲಜನಕ ಕೊಡುತ್ತೇವೆ. ಶ್ವಾಸಕೋಶದ ತುಂಬ ಆಮ್ಲಜನಕ ತುಂಬಿದ ಆರೋಗ್ಯವಂತ ವಯಸ್ಕರ ಉಸಿರು ಅಲ್ಲಿಗೇ ನಿಂತರೂ ಸ್ಯಾಚುರೇಷನ್ 90ಕ್ಕೆ ಇಳಿಯಲು ಏಳೆಂಟು ನಿಮಿಷವೇ ಹಿಡಿಯಬಹುದು. ಅಷ್ಟೂ ಹೊತ್ತು ಆಕ್ಸಿಮೀಟರ್ ಎಲ್ಲ ಸರಿಯಿದೆ ಎಂಬಂತೆ ಸದ್ದು ಮಾಡುತ್ತಲೇ ಇರುತ್ತದೆ. ಒಮ್ಮೆ ಇಳಿಯಲು ಶುರುವಾದರೆ ಮಾತ್ರ ಕೈಗೆ ಸಿಗದ ಹಾಗೆ ಇಳಿಯುತ್ತದೆ. ಬಸುರಿಯರಲ್ಲಿ, ಕೂಸುಗಳಲ್ಲಿ, ತುಂಬ ದಪ್ಪ ಇರುವವರಲ್ಲಿ ಈ ಸಮಯ ಬಹಳ ಕಡಿಮೆ.

ಒಂದು ರಾತ್ರಿಯ ಪ್ರಸಂಗ ಹೇಳುತ್ತೇನೆ. ಅಪೆಂಡಿಕ್ಸ್ ಒಡೆದ ಯುವಕ, ಭಾರಿ ದೇಹ, ಗಿಡ್ಡ ಕತ್ತು. ಜೊತೆಯಲ್ಲಿದ್ದ ಜೂನಿಯರ್ ವೈದ್ಯ ಚೆನ್ನಾಗಿಯೇ ಕೆಲಸ ಕಲಿತ ಹುಡುಗ. ಟ್ಯೂಬ್ ಇಳಿಸಿದ, ಕಫ್‌ಗೆ ಗಾಳಿ ತುಂಬಿದ, ಬ್ಯಾಗ್ ಒತ್ತಿದ. ಎದೆ ಎದ್ದಂತೆ ಕಂಡಿತು. ಸ್ಟೆತಸ್ಕೋಪ್ ಇಟ್ಟು ‘ಮೇಡಂ, ಎರಡೂ ಕಡೆ ಏರ್ ಎಂಟ್ರಿ ಇದೆ’ ಅಂದ. ಟ್ಯೂಬಿನ ಒಳಗೆ ಆವಿಯ ಮಂಜೂ ಕಾಣುತ್ತಿತ್ತು. ಸ್ಯಾಚುರೇಷನ್ 100. ಮಾನಿಟರಿನ ಕೆಳಸಾಲಿನಲ್ಲಿ ಇಟಿಸಿಓಟು ಗೆರೆ ಮಾತ್ರ ಅಡ್ಡಕ್ಕೆ ಮಲಗಿತ್ತು. ‘ಪೈಪ್ ಮಡಚಿಕೊಂಡಿರಬಹುದು’ ಎಂದು ಟೆಕ್ನಿಷಿಯನ್ ಬಗ್ಗಿ ನೋಡಲು ಹೊರಟರು. ‘ಬೇಡ, ಟ್ಯೂಬ್ ತೆಗಿ’ ಅಂದೆ. ತೆಗೆದು, ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟು, ತಲೆಯ ಕೆಳಗಿನ ದಿಂಬು ಎತ್ತರಿಸಿ ಮತ್ತೆ ಇಳಿಸಿದೆವು. ಮೊದಲ ಒತ್ತಿಗೇ ಗೆರೆ ಎದ್ದಿತು, ಎರಡನೆಯದಕ್ಕೂ ಎದ್ದಿತು, 41. ಈ ಎಲ್ಲದರ ನಡುವೆ ಸ್ಯಾಚುರೇಷನ್ 97ಕ್ಕಿಂತ ಕೆಳಗೆ ಬರಲಿಲ್ಲ. ಆ ಯುವಕ ಮೂರನೇ ದಿನ ವಾರ್ಡಿನಲ್ಲಿ ಗಂಜಿ ಕುಡಿಯುತ್ತ ಕೂತಿದ್ದ. ರಾತ್ರಿ ಏನಾಯಿತೆಂದು ಅವನಿಗೂ ಗೊತ್ತಿಲ್ಲ, ಅವನ ತಾಯಿಗೂ ಗೊತ್ತಿಲ್ಲ. ಏನೂ ಆಗದಂತೆ ನೋಡಿಕೊಂಡದ್ದು ಆ ಗೆರೆ.

ಎದೆ ಏಳುವುದು, ಸದ್ದು ಕೇಳುವುದು, ಆವಿ ಮೂಡುವುದು ಇವೆಲ್ಲ ಟ್ಯೂಬ್ ಹೊಟ್ಟೆಯ ದಾರಿಯಲ್ಲಿದ್ದಾಗಲೂ ಕಾಣಬಹುದು. ಪಳಗಿದ ವೈದ್ಯರೂ ಈ ಗುರುತುಗಳನ್ನು ನಂಬಿ ಮೋಸ ಹೋಗಿದ್ದಾರೆ. ಹೊಟ್ಟೆಯಿಂದ ಇಂಗಾಲದ ಡೈಆಕ್ಸೈಡ್ ಉಸಿರುಸಿರಿಗೂ ಬರುವುದು ಮಾತ್ರ ಸಾಧ್ಯವಿಲ್ಲ. ಇದಕ್ಕೆ ಒಂದು ಸಣ್ಣ ಅಪವಾದ ಉಂಟು: ರೋಗಿ ಸ್ವಲ್ಪ ಮುಂಚೆ ಗೋಲಿ ಸೋಡಾವನ್ನೋ ಕೋಲಾವನ್ನೋ ಕುಡಿದಿದ್ದರೆ ಹೊಟ್ಟೆಯಲ್ಲಿ ಆ ಅನಿಲ ಇರುತ್ತದೆ, ಮೊದಲ ಕೆಲವು ಒತ್ತುಗಳಿಗೆ ಗೆರೆ ಎದ್ದು ಸಣ್ಣದಾಗುತ್ತ ಮಾಯವಾಗುತ್ತದೆ. ಅದಕ್ಕೇ 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಕನಿಷ್ಠ ಏಳು ಉಸಿರುಗಳವರೆಗೆ ಗೆರೆ ಕುಗ್ಗದೆ ಬರಬೇಕು ಎನ್ನುತ್ತದೆ. ಬ್ರಿಟನ್ನಿನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜು ಇದನ್ನೇ ಒಂದು ಸಾಲಿನ ಘೋಷಣೆ ಮಾಡಿ ಹಬ್ಬಿಸಿತು: ಗೆರೆ ಇಲ್ಲ ಅಂದರೆ ಟ್ಯೂಬ್ ತಪ್ಪು ಜಾಗದಲ್ಲಿದೆ. ಓಟಿಯ ಗೋಡೆಯ ಮೇಲೆ ಬರೆಸಿಡಬೇಕಾದ ಮಾತು ಇದು.

ಹಾಗಾದರೆ ಯಂತ್ರ ಒಳಗೆ ಏನು ಮಾಡುತ್ತದೆ? ಉಸಿರಾಟದ ಸರ್ಕೀಟಿನಲ್ಲಿ, ಟ್ಯೂಬಿಗೆ ಹತ್ತಿರದಲ್ಲಿ, ಒಂದು ಕವಲು ಇರುತ್ತದೆ. ಸಪೂರ ಪೈಪನ್ನು, ಅಂದರೆ ಸ್ಯಾಂಪ್ಲಿಂಗ್ ಲೈನನ್ನು, ಅಲ್ಲಿ ಸಿಕ್ಕಿಸುತ್ತೇವೆ. ಮಾನಿಟರಿನೊಳಗಿನ ಪುಟ್ಟ ಪಂಪು ನಿಮಿಷಕ್ಕೆ 50ರಿಂದ 200 ಮಿಲಿಲೀಟರಿನಷ್ಟು ಗಾಳಿಯನ್ನು ಬಿಡುವಿಲ್ಲದೆ ಹೀರುತ್ತಿರುತ್ತದೆ. ಹೀರಿದ ಗಾಳಿ ಒಂದು ಸಣ್ಣ ಕೋಣೆಗೆ ಹೋಗುತ್ತದೆ. ಕೋಣೆಯ ಒಂದು ಬದಿಯಿಂದ ಅವಕೆಂಪು ಕಿರಣ ಹೊರಟು ಇನ್ನೊಂದು ಬದಿಯ ಸಂವೇದಕಕ್ಕೆ ಬೀಳುತ್ತದೆ. ಇಂಗಾಲದ ಡೈಆಕ್ಸೈಡಿಗೆ 4.26 ಮೈಕ್ರಾನ್ ಅಲೆಯುದ್ದದ ಕಿರಣವನ್ನು ನುಂಗುವ ಗುಣ ಇದೆ. ದಾರಿಯಲ್ಲಿ ಅನಿಲ ಹೆಚ್ಚಿದ್ದಷ್ಟೂ ಆಚೆ ತಲುಪುವ ಕಿರಣ ಕಡಿಮೆ. ಎಷ್ಟು ಕಡಿಮೆಯಾಯಿತು ಎಂಬುದೇ ಪರದೆಯ ಅಂಕಿ. ನಿದ್ರೆಯಲ್ಲಿಡಲು ನಾವು ಕೊಡುವ ಸೆವೊಫ್ಲುರೇನ್, ಐಸೊಫ್ಲುರೇನ್ ಆವಿಗಳನ್ನೂ ಇದೇ ರೀತಿ, ಬೇರೆ ಅಲೆಯುದ್ದದಲ್ಲಿ, ದೊಡ್ಡ ಮಾನಿಟರುಗಳು ಅಳೆದು ತೋರಿಸುತ್ತವೆ. ಮಿದುಳಿಗೆ ಮದ್ದು ಎಷ್ಟು ತಲುಪುತ್ತಿದೆ ಎಂದು ಉಸಿರಿನಿಂದಲೇ ಅಂದಾಜು ಸಿಗುತ್ತದೆ. ಆಮ್ಲಜನಕ ಅವಕೆಂಪು ಕಿರಣಕ್ಕೆ ಜಗ್ಗುವುದಿಲ್ಲ, ಆದರೆ ಅಯಸ್ಕಾಂತದತ್ತ ಸೆಳೆಯಲ್ಪಡುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಈ ಗುಣವನ್ನೇ ಹಿಡಿದು ಜಲಾಂತರ್ಗಾಮಿಗಳೊಳಗಿನ ಆಮ್ಲಜನಕ ಅಳೆಯುವ ಉಪಕರಣ ಮಾಡಿದರು. ಇವತ್ತಿನ ಅನಸ್ತೇಷಿಯಾ ಮಾನಿಟರುಗಳಲ್ಲಿ ಆಮ್ಲಜನಕ ಅಳೆಯುವುದೂ ಹಲವು ಕಡೆ ಅದೇ ತತ್ವದಿಂದ.

ಹೇಳಲು ಸುಲಭ, ನಡೆಸಲು ತೊಂದರೆ ಕೊಡುವುದು ನೀರು. ಉಸಿರು ಬೆಚ್ಚಗೆ, ತೇವವಾಗಿ ಹೊರಬರುತ್ತದೆ. ಎಸಿ ಹಾಕಿದ ಓಟಿಯಲ್ಲಿ ಪೈಪಿನೊಳಗೆ ಅದು ಹನಿಗಟ್ಟುತ್ತದೆ. ಒಂದು ಹನಿ ಆ ಕೋಣೆಗೆ ಹೋದರೆ ದುಬಾರಿ ಸಂವೇದಕ ಕೆಟ್ಟಂತೆ. ಅದನ್ನು ತಡೆಯಲು ಮಾನಿಟರಿನ ಪಕ್ಕದಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ ಇದೆ, ವಾಟರ್ ಟ್ರ್ಯಾಪ್. ನೀರು ಅದರಲ್ಲಿ ಇಳಿದು ಒಣಗಾಳಿ ಮಾತ್ರ ಮುಂದೆ ಹೋಗುತ್ತದೆ. ಅದು ತುಂಬಿದರೆ ಖಾಲಿ ಮಾಡಬೇಕು, ಹಳತಾದರೆ ಬದಲಿಸಬೇಕು. ಸ್ಯಾಂಪ್ಲಿಂಗ್ ಲೈನನ್ನು ಕವಲಿನ ಕೆಳಮುಖಕ್ಕೆ ಸಿಕ್ಕಿಸಿದರೆ ನೀರೆಲ್ಲ ಅದರೊಳಗೇ ಇಳಿಯುತ್ತದೆ. ನಮ್ಮ ಟೆಕ್ನಿಷಿಯನ್ ಹೊಸಬರಿಗೆ ಮೊದಲ ದಿನ ಹೇಳಿಕೊಡುವುದೇ ‘ಲೈನ್ ಯಾವಾಗಲೂ ಮೇಲ್ಗಡೆ ನೋಡ್ತಿರಬೇಕು ಕಣಪ್ಪ’ ಎಂದು. ಇಷ್ಟು ಸಣ್ಣ ವಿಷಯಕ್ಕೆ ಎಷ್ಟೋ ಮಾನಿಟರುಗಳು ಮೂಲೆ ಸೇರಿವೆ.

ಪೈಪಿನ ಗೊಡವೆಯೇ ಇಲ್ಲದ ಇನ್ನೊಂದು ಬಗೆಯಿದೆ. ಅದರಲ್ಲಿ ಸಂವೇದಕವೇ ಟ್ಯೂಬಿನ ಬಾಯಿಗೆ ಕೂರುತ್ತದೆ. ಉತ್ತರ ತಕ್ಷಣ ಸಿಗುತ್ತದೆ, ಆದರೆ ಟ್ಯೂಬಿನ ಮೇಲೆ ಭಾರ ಬೀಳುತ್ತದೆ. ಕೂಸುಗಳ ವಿಷಯದಲ್ಲಿ ಎರಡರದೂ ಒಂದೊಂದು ಕಷ್ಟ. ಮೂರು ಕೆಜಿಯ ಮಗು ಒಂದು ಉಸಿರಿಗೆ ಎಳೆದುಕೊಳ್ಳುವುದು ಸುಮಾರು 20 ಮಿಲಿಲೀಟರ್ ಗಾಳಿ. ಯಂತ್ರವೂ ಅದರಲ್ಲೇ ಪಾಲು ಹೀರಿದರೆ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಹಾಗಾಗಿ ನಿಮಿಷಕ್ಕೆ 50 ಮಿಲಿಲೀಟರ್ ಮಾತ್ರ ಹೀರುವ ಯಂತ್ರಗಳು ಮಕ್ಕಳ ಓಟಿಯಲ್ಲಿ ಬೇಕು.

ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೆಂದು ತೋರಿಸುವುದು ಹೈಸ್ಕೂಲಿನ ಪ್ರಯೋಗ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಅದು ಬೆಳ್ಳಗಾಗುತ್ತದೆ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಹಾಗೆಯೇ ಕಂಡುಕೊಂಡರು. 1860ರ ಆಸುಪಾಸಿನಲ್ಲಿ ಲಂಡನ್ನಿನ ಜಾನ್ ಟಿಂಡಾಲ್ ಈ ಅನಿಲ ಶಾಖದ ಕಿರಣವನ್ನು ಹೀರುತ್ತದೆಂದು ಅಳೆದು ತೋರಿಸಿದರು. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಮಾತಾಡುವಾಗ ಇವತ್ತು ನೆನೆಯುವುದೂ ಅದೇ ಪ್ರಯೋಗವನ್ನು. 1943ರಲ್ಲಿ ಜರ್ಮನಿಯ ಕಾರ್ಲ್ ಲುಫ್ಟ್ ಅವಕೆಂಪು ಕಿರಣದ ಅನಿಲಮಾಪಕವನ್ನು ವಿವರಿಸಿದರು, ಅದು ಕಾರ್ಖಾನೆಯ ಲೋಕದಿಂದ ಬಂದ ಯಂತ್ರ. ಅದನ್ನು ರೋಗಿಯ ತಲೆದೆಸೆಗೆ ತಂದವರಲ್ಲಿ ನಾನು ತುಂಬ ಗೌರವಿಸುವುದು ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಬಾಬ್ ಸ್ಮಾಲ್‌ಹೌಟ್ ಅವರನ್ನು. ಗೆರೆಯ ಆಕಾರಗಳನ್ನು ವರ್ಷಗಟ್ಟಲೆ ದಾಖಲಿಸಿ 1975ರಲ್ಲಿ ಕಾಲೆಂಡಾ ಅವರೊಡನೆ ಅದರ ನಕಾಶೆ ಪುಸ್ತಕವನ್ನೇ ತಂದರು. 1978ರಲ್ಲಿ ಅರಿವಳಿಕೆ ಕೊಡುವಾಗ ಕ್ಯಾಪ್ನೋಗ್ರಾಫ್ ಇರಲೇಬೇಕೆಂದು ಮೊದಲು ಒಪ್ಪಿದ ದೇಶ ನೆದರ್ಲೆಂಡ್ಸ್. ಟ್ಯೂಬ್ ಎಲ್ಲಿದೆಯೆಂದು ಖಚಿತಪಡಿಸಲು ಇಟಿಸಿಓಟು ನೋಡಲೇಬೇಕೆಂದು ಅಮೆರಿಕದ ಅರಿವಳಿಕೆ ವೈದ್ಯರ ಸಂಘ ಹೇಳಿದ್ದು 1991ರಲ್ಲಿ.

ಗೆರೆಯ ಆಕಾರಕ್ಕೆ ಬರೋಣ. ಸರಿಯಾದ ಉಸಿರಿನ ಗೆರೆ ಹಳೆಯ ಮನೆಗಳ ಜಗಲಿಕಟ್ಟೆಯ ಹಾಗೆ: ನೆಟ್ಟಗೆ ಏರು, ಮೇಲೆ ಮಟ್ಟಸ, ನೆಟ್ಟಗೆ ಇಳಿತ. ಉಬ್ಬಸದವರಲ್ಲಿ ಗಾಳಿ ಇಕ್ಕಟ್ಟಾದ ನಾಳಗಳಿಂದ ತಡವಾಗಿ, ಬಿಟ್ಟುಬಿಟ್ಟು ಹೊರಬರುವುದರಿಂದ ಏರು ಓರೆಯಾಗಿ ಮಟ್ಟಸವೇ ಇಲ್ಲವಾಗುತ್ತದೆ. ಸ್ಟೆತಸ್ಕೋಪ್ ಇಡುವ ಮೊದಲೇ ಕಾಯಿಲೆ ಪರದೆಯ ಮೇಲೆ ಕಾಣುತ್ತದೆ. ಮಟ್ಟಸದ ನಡುವೆ ಒಂದು ಕಚ್ಚು ಬಿದ್ದರೆ ಸ್ನಾಯು ಸಡಿಲಿಸಿದ ಮದ್ದು ಇಳಿಯುತ್ತಿದೆ, ರೋಗಿ ತಾನಾಗಿ ಉಸಿರೆಳೆಯಲು ಹೊರಟಿದ್ದಾರೆ ಎಂದರ್ಥ. ಗೆರೆ ಸೊನ್ನೆಗೆ ಇಳಿಯದೆ ಮೇಲೆಯೇ ನಿಂತರೆ ಬಿಟ್ಟ ಗಾಳಿಯನ್ನೇ ರೋಗಿ ಮತ್ತೆ ಎಳೆದುಕೊಳ್ಳುತ್ತಿದ್ದಾರೆ. ಯಂತ್ರದ ಡಬ್ಬಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೀರಲು ತುಂಬಿಟ್ಟ ಸೋಡಾ ಲೈಮ್ ಮುಗಿದಿರಬಹುದು.

ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಮಾಡಿಸಿಕೊಂಡವರು ನಮ್ಮ ಓದುಗರಲ್ಲಿ ಅನೇಕರು ಇರುತ್ತಾರೆ. ಆಗ ಹೊಟ್ಟೆ ಉಬ್ಬಿಸಲು ತುಂಬುವುದು ಇಂಗಾಲದ ಡೈಆಕ್ಸೈಡನ್ನೇ. ಅದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ಪರದೆಯ ಅಂಕಿ 36ರಿಂದ 44, 46 ಎಂದು ಏರುತ್ತ ಹೋಗುತ್ತದೆ. ನಾವು ವೆಂಟಿಲೇಟರಿನ ಉಸಿರು ಹೆಚ್ಚಿಸಿ ಅದನ್ನು ಕೆಳಗಿಳಿಸುತ್ತೇವೆ. ಸರ್ಜನ್ ಒಳಗೆ ಕಲ್ಲು ಬಿಡಿಸುತ್ತಿರುವಾಗ ತಲೆದೆಸೆಯಲ್ಲಿ ಕೂತವರು ಸುಮ್ಮನೆ ಕೂತಿರುವುದಿಲ್ಲ. ಕಾರಣವಿಲ್ಲದೆ ಅಂಕಿ ಏರುತ್ತಲೇ ಹೋದರೆ, ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಬರುವ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ ವಂಶಪಾರಂಪರ್ಯದ ಅಪಾಯವೂ ಇರಬಹುದು. ಮೈ ಸುಡಲು ಶುರುವಾಗುವ ಮೊದಲೇ ಇಟಿಸಿಓಟು ಅದರ ಸುಳಿವು ಕೊಡುತ್ತದೆ. ಇದ್ದಕ್ಕಿದ್ದಂತೆ ಅಂಕಿ ಕುಸಿದರೆ ಶ್ವಾಸಕೋಶಕ್ಕೆ ರಕ್ತವೇ ಹೋಗುತ್ತಿಲ್ಲ ಎಂದು ತಿಳಿಯಬೇಕು: ರಕ್ತದ ಗಡ್ಡೆ ಅಡ್ಡ ಬಂದಿರಬಹುದು, ಇಲ್ಲವೇ ಹೃದಯ ನಿಲ್ಲುತ್ತಿರಬಹುದು.

ನಿಂತ ಹೃದಯವನ್ನು ಎದೆ ಒತ್ತಿ ಉಳಿಸಿಕೊಳ್ಳುವಾಗ ಈ ಗೆರೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಒತ್ತುವವರ ಕೈ ಸೋತರೆ ಅಂಕಿ ಇಳಿಯುತ್ತದೆ, ಇನ್ನೊಬ್ಬರು ಬಂದು ಜೋರಾಗಿ ಒತ್ತಿದರೆ ಏರುತ್ತದೆ. 12, 14 ಎಂದು ಒದ್ದಾಡುತ್ತಿದ್ದದ್ದು ಒಮ್ಮೆಲೇ 40ಕ್ಕೆ ಜಿಗಿದರೆ ಹೃದಯ ತಾನಾಗಿ ಬಡಿಯಲು ಹತ್ತಿದೆ. ನಾಡಿ ಹುಡುಕಿ ನೋಡುವ ಮೊದಲೇ ಆ ಜಿಗಿತ ಕಂಡು ಕ್ಯಾಷುವಾಲಿಟಿಯಲ್ಲಿ ಸಿಸ್ಟರ್‌ಗಳು ‘ಬಂತು ಮೇಡಂ, ಬಂತು!’ ಎಂದು ಕೂಗಿದ್ದನ್ನು ನಾನು ಮರೆಯಲಾರೆ. 20 ನಿಮಿಷ ಸರಿಯಾಗಿ ಒತ್ತಿದ ಮೇಲೂ 10 ದಾಟದಿದ್ದರೆ ಉಳಿಯುವ ಆಸೆ ತೀರಾ ಕಡಿಮೆ.

ಉಸಿರನ್ನು ಹಿಡಿದು ನೋಡುವ ಬೇರೆ ಪರೀಕ್ಷೆಗಳೂ ಇವೆ. ಹೊಟ್ಟೆ ಹುಣ್ಣಿನ ಬ್ಯಾಕ್ಟೀರಿಯಾ ಪತ್ತೆಗೆ ಯೂರಿಯಾ ಉಸಿರು ಪರೀಕ್ಷೆ, ಅಸ್ತಮಾದವರಿಗೆ ನೈಟ್ರಿಕ್ ಆಕ್ಸೈಡ್ ಅಳತೆ, ರಸ್ತೆಯಲ್ಲಿ ಪೊಲೀಸರು ಊದಿಸುವ ಮದ್ಯಮಾಪಕ. ಅವೆಲ್ಲ ಉಪಯುಕ್ತ. ಆದರೆ ಕ್ಷಣಕ್ಷಣವೂ ಜೀವ ಕಾಯುವುದು ಇದೊಂದೇ.

ಓಟಿಯ ಹೊರಗೆ ಇದು ಎಷ್ಟು ಮುಖ್ಯ ಎಂಬುದನ್ನು 2011ರಲ್ಲಿ ಬ್ರಿಟನ್ನಿನ ದೇಶವ್ಯಾಪಿ ಪರಿಶೀಲನೆಯೊಂದು ತೋರಿಸಿತು. ಐಸಿಯುಗಳಲ್ಲಿ ಶ್ವಾಸಮಾರ್ಗದ ತೊಂದರೆಯಿಂದ ಆದ ಸಾವು ಮತ್ತು ಮಿದುಳಿನ ಶಾಶ್ವತ ಹಾನಿಯ ಪ್ರಕರಣಗಳಲ್ಲಿ ಶೇಕಡಾ 74ರಲ್ಲಿ ಕ್ಯಾಪ್ನೋಗ್ರಾಫ್ ಇಲ್ಲದಿದ್ದದ್ದು ಅಥವಾ ಬಳಸದಿದ್ದದ್ದು ಒಂದು ಕಾರಣ ಎಂದು ಅದು ಹೇಳಿತು. ಓಟಿಯಲ್ಲಿ ಟ್ಯೂಬ್ ಹಾಕುವಾಗ ಕಡ್ಡಾಯ ಅನ್ನುವುದು ಐಸಿಯುವಿನಲ್ಲಿ ಯಾಕೆ ಬೇಡವಾಗುತ್ತದೆ? ರೋಗಿ ಅದೇ, ಟ್ಯೂಬ್ ಅದೇ. ಅಲ್ಲಿ ದಿನಕ್ಕೆ ಹಲವು ಸಲ ಮಗ್ಗಲು ಬದಲಿಸುತ್ತಾರೆ, ಪ್ರತಿ ಸಲವೂ ಟ್ಯೂಬ್ ಸರಿಯಬಹುದು.

ನಮ್ಮ ಆಂಬುಲೆನ್ಸ್‌ಗಳ ಮಾತು ಬಂದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ತಲೆಗೆ ಪೆಟ್ಟಾದವರಿಗೆ ತಾಲ್ಲೂಕಿನಲ್ಲಿ ಟ್ಯೂಬ್ ಹಾಕಿ, ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಕಳಿಸುತ್ತಾರೆ. ತಿರುವು, ಕುಲುಕಾಟ, ಸೈರನ್ ಸದ್ದು. ಅಲ್ಲಿ ಸ್ಟೆತಸ್ಕೋಪಿನಲ್ಲಿ ಏನೂ ಕೇಳಿಸುವುದಿಲ್ಲ. ಟ್ಯೂಬ್ ಎರಡು ಸೆಂಟಿಮೀಟರ್ ಸರಿದರೂ ಗೊತ್ತಾಗುವುದು ಗೆರೆಯಿಂದ ಮಾತ್ರ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ, ಬ್ಯಾಟರಿಯ ಕ್ಯಾಪ್ನೋಗ್ರಾಫ್‌ಗಳು ಈಗ ಸಿಗುತ್ತವೆ. ಅದೂ ಇಲ್ಲದಲ್ಲಿ, ಟ್ಯೂಬಿಗೆ ಸಿಕ್ಕಿಸಿದರೆ ನೇರಳೆಯಿಂದ ಹಳದಿಗೆ ತಿರುಗುವ ರಾಸಾಯನಿಕ ಕಾಗದದ ಬಿಲ್ಲೆಯಾದರೂ ಇರಲಿ. ಅದಕ್ಕೆ ಕರೆಂಟೂ ಬೇಡ.

ಸಣ್ಣ ಆಸ್ಪತ್ರೆಗಳಿಗೆ ಕೇಸಿಗೆಂದು ಹೋದಾಗ ನಾನು ಕಂಡ ಒಂದು ಸಂಗತಿ ಉಂಟು. ಮಾನಿಟರ್ ಹೊಸದೇ ಇರುತ್ತದೆ, ಇಟಿಸಿಓಟು ಸೌಲಭ್ಯವೂ ಇರುತ್ತದೆ, ಪರದೆಯ ಮೇಲೆ ಆ ಸಾಲನ್ನೇ ಆಫ್ ಮಾಡಿಟ್ಟಿರುತ್ತಾರೆ. ಕೇಳಿದರೆ ‘ಲೈನ್ ಮುಗಿದು ತುಂಬ ದಿನ ಆಯ್ತು, ಇಂಡೆಂಟ್ ಹಾಕಿದೀವಿ ಮೇಡಂ’ ಎಂಬ ಉತ್ತರ. ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಒಂದು ಪ್ಲಾಸ್ಟಿಕ್ ಪೈಪಿಲ್ಲದೆ ಕುರುಡಾಗಿ ನಿಂತಿರುತ್ತದೆ. ಇದನ್ನು ಸಹಿಸಬಾರದು. ಆಮ್ಲಜನಕದ ಸಿಲಿಂಡರ್ ಖಾಲಿಯಾದರೆ ಕೇಸ್ ಮುಂದೂಡುವ ನಾವು ಇದಿಲ್ಲದಿದ್ದರೂ ತುರ್ತಲ್ಲದ ಕೇಸನ್ನು ಮುಂದೂಡಬೇಕು.

ನಿಮಗೋ ಮನೆಯವರಿಗೋ ಆಪರೇಷನ್ ಗೊತ್ತಾದರೆ, ಮತ್ತು ಕೊಡುವ ವೈದ್ಯರು ಹಿಂದಿನ ದಿನ ನೋಡಲು ಬಂದಾಗ, ‘ಇಟಿಸಿಓಟು ಮಾನಿಟರ್ ಇದೆಯಾ ಡಾಕ್ಟ್ರೇ?’ ಎಂದು ಕೇಳಿ. ಸಂಕೋಚ ಬೇಡ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಊರಿನ ಆಸ್ಪತ್ರೆಗೆ ಏನಾದರೂ ಕೊಡಿಸಬೇಕೆಂದಿರುವ ದಾನಿಗಳು, ಸಂಘ ಸಂಸ್ಥೆಯವರು ಕ್ಯಾಪ್ನೋಗ್ರಾಫ್ ಕೊಡಿಸಿ. ಕೊಡಿಸುವಾಗ ಎರಡು ವರ್ಷಕ್ಕೆ ಸಾಲುವಷ್ಟು ಸ್ಯಾಂಪ್ಲಿಂಗ್ ಲೈನ್ ಮತ್ತು ವಾಟರ್ ಟ್ರ್ಯಾಪನ್ನೂ ಅದರ ಜೊತೆಗೇ ಕೊಡಿಸಿ. ಅವು ಮುಗಿದ ದಿನ ಯಂತ್ರ ಇದ್ದೂ ಇಲ್ಲದಂತೆ.